ತಪ್ಪಿದ ಬೆರಳು

ಅಕ್ಕೋರು ನನ್ನನ್ನು ಒಂದು ಸಲವಾದರೂ ಬೈದಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಬೈಸಿಕೊಂಡವನು ಅಲ್ಲಿಗೆ ಮುಗಿಯಿತೆಂದು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಬೈಸಿಕೊಳ್ಳದವನ ಪಾಡು ಬೇರೆ. ಅವರು ತೀರಿಕೊಂಡು ಒಂದೂವರೆ ತಿಂಗಳಾಯಿತು. ಸುದ್ದಿ ಬಂದಾಗ ನಾನು ನಿಡಗುಂದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಫೋನ್ ಕಿಸೆಗೆ ಹಾಕಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ, ನನ್ನ ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದು ರೂಢಿ. ಇವರು ಸಾಲಿಯಲ್ಲಿ ಕಲಿಸಿದವರಲ್ಲ. ಇಂಡಿಯಲ್ಲಿ ಒಂದು ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಕೆಳಗಿನಿಂದ ಬೆಲ್ಲದ ವಾಸನೆ, ಮೇಲಿನಿಂದ ಟಕಟಕ ಸದ್ದು. ತೊಂಬತ್ತರ ದಶಕದಲ್ಲಿ ಒಂಬತ್ತು ಟೈಪ್‌ರೈಟರ್ ಇದ್ದವು, ಆಮೇಲೆ ಒಂದೊಂದೇ ಹೋಗಿ ಕಂಪ್ಯೂಟರ್ ಬಂದು ಕೂತವು. ಅಕ್ಕೋರು ಮಾತ್ರ ಬದಲಾಗಲಿಲ್ಲ. ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿಯ ಪೆನ್ಸಿಲ್ಲು, ಕೊರಳಲ್ಲಿ ದಾರ ಕಟ್ಟಿದ ಚಾಳೀಸು. ಮದುವೆ ಯಾಕೆ ಆಗಲಿಲ್ಲವೆಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ, ನನಗೂ.

ನಾನು ಅಲ್ಲಿಯ ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಸ್ವಂತ ಊರು ತಾಂಬಾ. ಸಿಟ್ಟು ಮೂಗಿನ ಮೇಲೆ, ಇಂಗ್ಲಿಷು ನಾಲಿಗೆಯ ಮೇಲೆ, ಎರಡರ ಬಗ್ಗೆಯೂ ನನಗೆ ಜಂಬ. ಮೂವತ್ತೆಂಟು ವರ್ಷಕ್ಕೆ ಟೈಪಿಂಗ್ ಕಲಿಯುವ ಹುಕಿ ಬಂದು, ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯರ ನಡುವೆ ಹೋಗಿ ಕೂತೆ. ಮೂರನೆಯ ದಿನವೇ ಒಂದು ಅಕ್ಷರ ತಪ್ಪಿತು. ಯಾರೂ ನೋಡಲಿಲ್ಲವೆಂದು ಬಿಳಿ ಬಣ್ಣ ಹಚ್ಚಿ ಮೇಲೆ ಸರಿಯಾದದ್ದನ್ನು ಹೊಡೆದು ಕೊಟ್ಟೆ. ಅಕ್ಕೋರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬಿಳೀ ಹಚ್ಚಿದ್ರ ತಪ್ಪು ಹೋಗೂದಿಲ್ರಿ ಸರ, ಅಡಗಿ ಕೂಡ್ತದ. ಯಾವ ಬೆರಳು ತಪ್ಪೇದೋ ಅದೇ ಬೆರಳು ಹೊಡೀಬೇಕು. ಇಪ್ಪತ್ತು ಸಲ ಹೊಡೀರಿ ಈ ಸಾಲು."

"ಅಕ್ಕೋರ, ನಾ ಲೆಕ್ಚರರ್ ಇದ್ದೇನ್ರಿ."

"ಬೆರಳಿಗೆ ಅದು ಗೊತ್ತಿಲ್ರಿ," ಎಂದು ಮುಂದಿನ ಹುಡುಗಿಯ ಹತ್ತಿರ ಹೋದರು.

ಹುಡುಗಿಯರು ಬಾಯಿಗೆ ಸೆರಗು, ವೇಲು ಒತ್ತಿಕೊಂಡು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಇಪ್ಪತ್ತು ಸಲ ಹೊಡೆದೆ. ಅವರು ಯಾರ ತಪ್ಪನ್ನೂ ತಾವು ತಿದ್ದಿ ಹೊಡೆದುಕೊಟ್ಟವರಲ್ಲ. ತಾವು ಹೊಡೆದರೆ ತಮ್ಮ ಬೆರಳು ಕಲಿಯುತ್ತದೆ, ಅದು ಕಲಿತೇ ಇದೆ ಎನ್ನುತ್ತಿದ್ದರು.

ಮುದ್ದೇಬಿಹಾಳ ಅವರ ತವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ತಂದೆ ಮೋಡಿ ಓದುವವರು. ಮೋಡಿ ಎಂದರೆ ಹಿಂದಿನ ಕಾಲದಲ್ಲಿ ಮರಾಠಿ ಕಾಗದಪತ್ರ ಬರೆಯುತ್ತಿದ್ದ ಬಳುಕು ಲಿಪಿ. ಲೇಖಣಿ ಎತ್ತದೆ ಬರೆದುಕೊಂಡು ಹೋಗುತ್ತಿದ್ದರು, ಹಾಗಾಗಿ ಒಂದು ಶಬ್ದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಜಮೀನಿನ ಕಾಗದ ಹಿಡಿದು ರೈತರು, ವಕೀಲರು ಆ ಮನೆಯ ಪಡಸಾಲೆಗೆ ಬರುತ್ತಿದ್ದರಂತೆ. ಒಂದು ಸಲ ಹೊಲದ ಮೂಡಲ ಬದಿಗೆ ಏನಿದೆ ಎಂಬ ಕಡೆಗೇ ಕಾಗದವನ್ನು ಹುಳ ತಿಂದಿತ್ತು. ತಂದೆ ಅಲ್ಲಿ ಹಳ್ಳ ಇದ್ದಿರಬೇಕೆಂದು ಊಹಿಸಿ ಬರೆದುಕೊಟ್ಟರು. ಎರಡು ಮನೆತನ ಆ ಒಂದು ಮಾತಿನ ಮೇಲೆ ಬಡಿದಾಡಿಕೊಂಡು ಕೂತವು. ಅಂದಿನಿಂದ ಅವರು ಊಹಿಸುವುದನ್ನು ಬಿಟ್ಟರು. ಕಾಣದ ಕಡೆ 'ಓದಲಿಕ್ಕೆ ಬರಲಿಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದರು. ಮಗಳಿಗೆ ಲಿಪಿಯ ಜೊತೆ ಇದನ್ನೂ ಕಲಿಸಿದರು.

ಕ್ಲಾಸಿಗೆ ಕಂಪ್ಯೂಟರ್ ಬಂದ ಮೇಲೆ ವೈರಸ್ಸೂ ಬಂತು. ಹುಡುಗರು ತರುವ ಫ್ಲಾಪಿಯಲ್ಲಿ, ಆಮೇಲೆ ಪೆನ್‌ಡ್ರೈವಿನಲ್ಲಿ. ಬೇರೆ ಕ್ಲಾಸಿನವರು ಬಿಜಾಪುರದಿಂದ ಹುಡುಗನನ್ನು ಕರೆಸಿ ಎಲ್ಲ ಅಳಿಸಿ ಹೊಸದಾಗಿ ಹಾಕಿಸುತ್ತಿದ್ದರು. ಅಕ್ಕೋರು ಅಳಿಸಲು ಬಿಡಲಿಲ್ಲ. ಅದು ಏನು, ಯಾಕೆ ಬಂತು, ಏನು ಮಾಡುತ್ತದೆ ಎಂದು ತಿಳಿಯಬೇಕಿತ್ತು ಅವರಿಗೆ. ಒಂದು ಹಳೆಯ ಕಂಪ್ಯೂಟರನ್ನು ಮೂಲೆಗೆ ಸರಿಸಿ, ಅದಕ್ಕೆ ಯಾವ ತಂತಿಯನ್ನೂ ಜೋಡಿಸದೆ, ವೈರಸ್ಸುಗಳನ್ನೆಲ್ಲ ಅದರೊಳಗೆ ಬಿಟ್ಟರು. ಅದಕ್ಕೆ ಮೈಲಿಗಿ ಕಂಪ್ಯೂಟರ್ ಎಂದು ಹೆಸರು. ಅದಕ್ಕೆ ಹಾಕಿದ ಫ್ಲಾಪಿ ಬೇರೆ ಯಾವುದಕ್ಕೂ ಹೋಗಬಾರದು, ಅದನ್ನು ಮುಟ್ಟಿದ ಪೆನ್‌ಡ್ರೈವಿಗೆ ಕೆಂಪು ದಾರ ಕಟ್ಟಬೇಕು. ಸ್ವಂತ ಮನೆಯಲ್ಲಿ ಅವರಿಗೆ ಮಡಿ ಇರಲಿಲ್ಲ, ಅಡಿಗೆಮನೆಗೆ ನಾವು ಯಾರು ಬೇಕಾದರೂ ಹೋಗಿ ಚಹಾ ಮಾಡಿಕೊಳ್ಳಬಹುದಿತ್ತು. ನಾನು ಚೇಷ್ಟೆ ಮಾಡಿದೆ.

"ಏನ್ರಿ ಅಕ್ಕೋರ, ಮನ್ಯಾಗ ಬಿಟ್ಟ ಮಡಿ ಎಲ್ಲಾ ಇಲ್ಲಿ ತಂದು ಹಾಕೀರಲ್ರಿ."

"ಅಲ್ಲಿ ಬ್ಯಾಡಾಗಿತ್ತು, ಬಿಟ್ಟೆ. ಇಲ್ಲಿ ಬೇಕಾಗೇದ, ಹಿಡದೀನಿ," ಎಂದರು.

ಆ ಕಂಪ್ಯೂಟರಿನಿಂದ ವೈರಸ್ಸಿನ ಒಳಗನ್ನು ಅಂಕಿ-ಅಕ್ಷರಗಳ ಸಾಲುಗಳಾಗಿ ಕಾಗದದ ಮೇಲೆ ಇಳಿಸುತ್ತಿದ್ದರು. ಮಡಿಕೆ ಮಡಿಕೆಯಾಗಿ ಬರುವ ಉದ್ದನೆಯ ಕಾಗದವನ್ನು ನೆಲಕ್ಕೆ ಹಾಸಿ, ಬಗ್ಗಿಕೊಂಡು ಓದುತ್ತ ಹೋಗುವುದು. ಕರೆಂಟು ಹೋದರೂ ಕಾಗದ ಆರುವುದಿಲ್ಲ ಎನ್ನುತ್ತಿದ್ದರು. ಅರ್ಥವಾದದ್ದಕ್ಕೆ ನೀಲಿ ಗೆರೆ, ಆಗದ್ದಕ್ಕೆ ಕೆಂಪು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪೆನ್ಸಿಲ್ಲು ಮತ್ತೆ ತುರುಬಿಗೆ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಹೇಳಿದರು:

"ಇದೂ ಮೋಡಿನ ಸರ. ಎಲ್ಲಾ ಕೂಡೇ ಇರ್ತದ. ಎಲ್ಲಿಂದ ಓದ್ಲಿಕ್ಕೆ ಸುರು ಮಾಡಬೇಕು ಅಂಬೂದು ತಿಳದ್ರ ಅರ್ಧಾ ಓದಿದಂಗ. ಒಂದು ಅಂಕಿ ಆಚಿಗೆ ಸುರು ಮಾಡಿದ್ರೂ ಅದೂ ಒಂದು ಅರ್ಥ ಕೊಡ್ತದ. ಆದ್ರ ಸುಳ್ಳು ಅರ್ಥ."

ಇದೆಲ್ಲ ಅವರ ಹುಚ್ಚು ಎಂದು ಊರು ಬಿಟ್ಟುಬಿಟ್ಟಿತ್ತು. ಮಹಾನಂದಾಳ ಪ್ರಕರಣ ಆಗುವವರೆಗೆ.

ಮಹಾನಂದಾ ಹೊರ್ತಿಯ ಹುಡುಗಿ, ಅಕ್ಕೋರ ಹತ್ತಿರ ಕಲಿತವಳು. ಒಂದು ರೈತರ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದಳು. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಸೊಸೈಟಿಯ ಚುನಾವಣೆಗೆ ಮೂರು ವಾರ ಇರುವಾಗ ಒಂದು ಸೋಮವಾರ ತೆರೆದು ನೋಡಿದರೆ ಸದಸ್ಯರ ಪಟ್ಟಿಯೇ ಇಲ್ಲ, ಹೆಸರುಗಳ ಜಾಗದಲ್ಲಿ ಬರೀ ಕಸ. ಎದುರು ಪಾರ್ಟಿಯವರ ಮಾತು ಕೇಳಿ ಇವಳೇ ಅಳಿಸಿದಳೆಂದು ಗುಲ್ಲಾಯಿತು. ಕೆಲಸದಿಂದ ನಿಲ್ಲಿಸಿ ವಿಚಾರಣೆ ಇಟ್ಟರು. ಮಧ್ಯಾಹ್ನದ ಬಿಸಿಲಲ್ಲಿ ಅಪ್ಪನ ಜೊತೆ ಮಾಳಿಗೆ ಹತ್ತಿ ಬಂದ ಹುಡುಗಿ ಅಳಲೂ ಇಲ್ಲ.

"ನಾ ಮುಟ್ಟಿಲ್ರಿ ಅಕ್ಕೋರ," ಎಂದಷ್ಟೇ ಹೇಳಿದಳು.

ಅಕ್ಕೋರು ಸೊಸೈಟಿಗೆ ಹೋಗಿ, ಕೆಂಪು ದಾರದ ಪೆನ್‌ಡ್ರೈವಿನಲ್ಲಿ ಆ ಕಂಪ್ಯೂಟರಿನ ಅನುಮಾನದ ಫೈಲು ತಂದರು. ಹನ್ನೊಂದು ದಿನ ನೆಲದ ಮೇಲೆ ಕಾಗದ ಹಾಸಿ ಓದಿದರು. ಹೊರಗಿನಿಂದ ಪೆನ್‌ಡ್ರೈವಿನ ಮೂಲಕ ಬಂದ ವೈರಸ್ಸು, ತಿಂಗಳು ಬದಲಾದಾಗ ಕಡತಗಳ ಮೇಲೆ ಕಸ ಬರೆಯುವುದು ಅದರ ಕೆಲಸ, ಮನುಷ್ಯರ ಕೈ ಬೇಕಿಲ್ಲ ಎಂದು ಗೊತ್ತಾಯಿತು. ಎರಡು ಪುಟ ಬರೆದುಕೊಂಡು ಬಿಜಾಪುರಕ್ಕೆ ವಿಚಾರಣಾಧಿಕಾರಿಯ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಆ ಮನುಷ್ಯ ಒಳ್ಳೆಯವನೇ, ಕುರ್ಚಿ ಕೊಟ್ಟು ಮಾತಾಡಿಸಿದ.

"ನೀವು ಹೇಳೂದು ಖರೇ ಇರಬಹುದ್ರಿ ಅಕ್ಕೋರ. ಆದ್ರ ಫೈಲಿನ್ಯಾಗ ಏನಂತ ಬರೀಲಿ? ಟೈಪಿಂಗ್ ಕಲಿಸೋರು ಹೇಳಿದ್ರು ಅಂತ ಬರಿಯಾಕ ಬರೂದಿಲ್ಲ. ಇದರಾಗ ನಿಮ್ಮದೇನರ ಸರ್ಟಿಫಿಕೇಟ್ ಐತೇನ್ರಿ?"

"ಇಲ್ರಿ. ತರ್ತೀನಿ. ಅಲ್ಲೀತನಾ ಫೈಲು ಮುಚ್ಚಬ್ಯಾಡ್ರಿ," ಎಂದರು ಅಕ್ಕೋರು, ಕಾಯಿಪಲ್ಲೆ ತರುತ್ತೇನೆ ಎಂಬಷ್ಟು ಸುಲಭವಾಗಿ. ಅವರಿಗೆ ಆಗ ಐವತ್ತೊಂದು.

ವೈರಸ್ ಬಿಚ್ಚಿ ಓದುವುದಕ್ಕೂ ಒಂದು ಪರೀಕ್ಷೆ ಇದೆ, ಹೊರದೇಶದ ಸಂಸ್ಥೆಯೊಂದು ಇಂಟರ್ನೆಟ್ಟಿನ ಮೇಲೆ ನಡೆಸುತ್ತದೆ ಎಂದು ಹುಡುಕಿದವರೂ ಅವರೇ. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಅವರ ಬೆರಳಿಗೆ ಇಂಗ್ಲಿಷ್ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಹತ್ತು ತಿಂಗಳು ಕಾಲೇಜು ಬಿಟ್ಟ ಮೇಲೆ ನಾನು ಹೋಗಿ ಓದಿ ಹೇಳಿದೆ. ನನಗೆ ಶಬ್ದ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ನಾನು ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳಿದರೆ, ಅವರು ಅದೇ ವಾಕ್ಯವನ್ನು ನನಗೆ ತಿಳಿಸಿ ಹೇಳುವರು. ಮಹಾನಂದಾ ಅಲ್ಲೇ ಹೊಸ ಹುಡುಗಿಯರಿಗೆ ಕಲಿಸುತ್ತ ಕೂತಿರುತ್ತಿದ್ದಳು. ಅವಳಿಗೆ ಸಿಂದಗಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅಕ್ಕೋರ ಪರೀಕ್ಷೆ ಆಗಲಿ, ಹುಡುಗಿಯ ಮೇಲಿನ ಮಾತು ತೊಳೆಯಲಿ, ಆಮೇಲೆ ಮುಂದಿನ ಮಾತು ಎಂದು ಗಂಡಿನವರು ತಡೆದು ನಿಂತಿದ್ದರು.

ಪರೀಕ್ಷೆ ಹೀಗೆ: ಆ ಸಂಸ್ಥೆಯವರು ಒಂದು ಅಪರಿಚಿತ ವೈರಸ್ ಕಳಿಸುತ್ತಾರೆ, ಏಳು ದಿನದಲ್ಲಿ ಬಿಚ್ಚಿ ಓದಿ ಇಂಗ್ಲಿಷಿನಲ್ಲಿ ವರದಿ ಕಳಿಸಬೇಕು. ತಾವು ಕನ್ನಡದಲ್ಲಿ ಬರೆದದ್ದನ್ನು ಇನ್ನೊಬ್ಬರು ಇಂಗ್ಲಿಷಿಗೆ ಮಾಡಬಹುದೇ ಎಂದು ಅಕ್ಕೋರು ಮೊದಲೇ ನನ್ನಿಂದ ಸಂಸ್ಥೆಗೆ ಬರೆಸಿ ಕೇಳಿದ್ದರು. ಮಾಡಬಹುದು, ಆದರೆ ಆತ ತನ್ನದೊಂದು ಮಾತನ್ನೂ ಸೇರಿಸಬಾರದು, ಹಾಗೆಂದು ಬರೆದು ಸಹಿ ಮಾಡಿ ಕೊಡಬೇಕು ಎಂದು ಉತ್ತರ ಬಂತು. ನಾನು ಸಹಿ ಮಾಡಿದೆ.

ಏಳನೆಯ ದಿನದ ಹೊತ್ತಿಗೆ ನೆಲದ ಕಾಗದವೆಲ್ಲ ನೀಲಿಯಾಗಿತ್ತು, ಒಂದು ಅಂಗೈಯಗಲದ ಜಾಗ ಬಿಟ್ಟು. ಅದು ಕೆಂಪಾಗಿಯೇ ಉಳಿಯಿತು. ನೋಟುಬುಕ್ಕಿನಲ್ಲಿ ಆ ಜಾಗಕ್ಕೆ 'ಈ ಭಾಗ ನನಗೆ ಓದಲಿಕ್ಕೆ ಬರಲಿಲ್ಲ' ಎಂದು ಬರೆದು ನನ್ನ ಕೈಗೆ ಕೊಟ್ಟರು. ನಾಲ್ಕಕ್ಕೆ ಕರೆಂಟು ಹೋಗುವುದಿತ್ತು. ನಾನು ಟೈಪ್ ಮಾಡುತ್ತ ಆ ಜಾಗಕ್ಕೆ ಬಂದು ನಿಂತೆ.

ಇಪ್ಪತ್ತು ವರ್ಷ ನಾನು ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ಖಾಲಿ ಬಿಡಬೇಡಿ, ಗೊತ್ತಿಲ್ಲದಿದ್ದರೂ ಏನಾದರೂ ಬರೆಯಿರಿ, ತಿದ್ದುವವನು ಖಾಲಿ ಜಾಗಕ್ಕೆ ಅಂಕ ಕೊಡುವುದಿಲ್ಲ. ನಮ್ಮ ಸೀಮೆಯ ಮೇಷ್ಟ್ರುಗಳೆಲ್ಲ ಹೇಳುವ ಮಾತೇ ಇದು. ಅಕ್ಕೋರು ಬರೀ ಇದೊಂದು ಸಾಲಿನಿಂದ ಫೇಲಾದಾರು, ಆ ಹುಡುಗಿಯ ಗತಿ ಏನು ಎಂದುಕೊಂಡೆ. ಹತ್ತು ತಿಂಗಳು ಓದಿ ಓದಿ ನನಗೂ ನಾಲ್ಕು ಅಕ್ಷರ ಬಂದಿವೆಯೆಂಬ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳಲಿ. ಇಂಥ ಕಡೆ ವೈರಸ್ಸುಗಳು ಸಾಮಾನ್ಯವಾಗಿ ಪಾಸ್‌ವರ್ಡ್ ಕದ್ದು ಹೊರಗೆ ಕಳಿಸುತ್ತವೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದನ್ನೇ ಒಂದು ಚೆಂದದ ಇಂಗ್ಲಿಷ್ ವಾಕ್ಯ ಮಾಡಿ ಅಲ್ಲಿ ಹಾಕಿದೆ.

ಅಕ್ಕೋರು ಬಂದು ಹಿಂದೆ ನಿಂತರು. "ಇದ್ದದ್ದು ಇದ್ದಂಗ ಬಂದದನಲ್ರಿ ಸರ?"

"ಬಂದೈತ್ರಿ ಅಕ್ಕೋರ."

ಅವರು ತಿರುಗಿ ಓದಲಿಲ್ಲ. ಕಳಿಸಿದರು.

ತಿಂಗಳ ಮೇಲೆ ಉತ್ತರ ಬಂತು. ಪ್ರಿಂಟು ತೆಗೆದು, ಓದಿ ಹೇಳ್ರಿ ಎಂದು ನನ್ನ ಕೈಗೇ ಕೊಟ್ಟರು. ಮಹಾನಂದಾ ಎದ್ದು ಬಂದು ಬಾಗಿಲ ಹತ್ತಿರ ನಿಂತಳು. ನಾನು ಓದಿ ಕನ್ನಡಕ್ಕೆ ತಿರುಗಿಸತೊಡಗಿದೆ. ವರದಿ ಉತ್ತಮವಾಗಿದೆ. ಹೆಚ್ಚಿನವರು ಕಾಣದ್ದನ್ನು ಈ ಅಭ್ಯರ್ಥಿ ಕಂಡಿದ್ದಾರೆ. ಆದರೆ ಒಂದು ಕಡೆ ಪಾಸ್‌ವರ್ಡ್ ಕದಿಯುತ್ತದೆ ಎಂದಿದ್ದಾರೆ, ಅದಕ್ಕೆ ಯಾವ ಆಧಾರವೂ ಇಲ್ಲ. ಆ ಭಾಗ ಏನನ್ನೂ ಮಾಡುವುದಿಲ್ಲ, ಓದುವವರನ್ನು ದಾರಿ ತಪ್ಪಿಸಲೆಂದು ಇಟ್ಟ ಬರೀ ಕಸ ಅದು. ಕಾಣದ್ದನ್ನು ಕಂಡೆ ಎನ್ನುವವರಿಗೆ ಪ್ರಮಾಣಪತ್ರ ಕೊಡಲಾಗುವುದಿಲ್ಲ. ಆರು ತಿಂಗಳ ಮೇಲೆ ಮತ್ತೆ ಬರೆಯಬಹುದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಕಲ್ಲಾಗಿ ಕೂತೆ. ಅಕ್ಕೋರು ವರದಿಯ ಪ್ರತಿ ತೆಗೆದು ಸಾಲಿನ ಮೇಲೆ ಬೆರಳಾಡಿಸುತ್ತ ಹೋದರು. ಬೆರಳು ಒಂದು ಕಡೆ ನಿಂತಿತು. ನನ್ನ ಕಡೆ ನೋಡಲಿಲ್ಲ.

"ಮಹಾನಂದಾ, ನಾ ತಿರುಗಿ ಓದದನ ಕಳಿಸಿಬಿಟ್ಟೆ. ತಪ್ಪು ನಂದದ," ಎಂದರು. "ಇನ್ನಾರು ತಿಂಗಳು ತಡಿ."

"ಆಗ್ಲಿ ಬಿಡ್ರಿ ಅಕ್ಕೋರ," ಎಂದಳು ಅವಳು. ಮರುವಾರ ಸಿಂದಗಿಯವರು ಸಂಬಂಧ ಬೇಡವೆಂದು ಹೇಳಿ ಕಳಿಸಿದರು.

ಆಗಲೂ ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ, ನಾಳೆ ಹೋಗಿ ನಾಡಿದ್ದಾಯಿತು. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಇದೆಯೆಂದು ನೆವ ಹೇಳಿ ಮಾಳಿಗೆ ಹತ್ತುವುದನ್ನೇ ಬಿಟ್ಟೆ. ಆ ವರ್ಷ ಕಾಲೇಜಿಗೆ ಹೊಸ ಇಂಗ್ಲಿಷ್ ಮೇಡಂ ಬಂದಿದ್ದರು, ಚುರುಕಿನವರು, ಅಕ್ಕೋರ ಮನೆಯ ಹತ್ತಿರವೇ ಬಿಡಾರ. ಇನ್ನು ಆ ಕೆಲಸ ಅವರಿಗೇ ಹೋಗುತ್ತದೆಂದು ತಿಳಿದು ಒಂದು ರೀತಿಯಲ್ಲಿ ನಿರಾಳವೂ ಆಗಿತ್ತು, ಹೊಟ್ಟೆಯೂ ಉರಿದಿತ್ತು.

ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಮಹಾನಂದಾ ಕಾಲೇಜಿಗೆ ಬಂದಳು. "ಅಕ್ಕೋರು ಕರೀಲಾಕತ್ತಾರ್ರಿ ಸರ. ಇವತ್ತು ಏಳನೇ ದಿನ ಐತಿ."

ಹೋದೆ. ನೆಲದ ಮೇಲೆ ಕಾಗದ ಹಾಸಿಯೇ ಇತ್ತು. ಈ ಸಲ ಮೂರು ಕಡೆ ಕೆಂಪು. ಅಕ್ಕೋರು ನೋಟುಬುಕ್ಕನ್ನು ನನ್ನ ಮುಂದಿಟ್ಟು ಕಂಪ್ಯೂಟರಿನ ಮುಂದಿನ ಕುರ್ಚಿ ಎಳೆದರು. ನನಗೆ ಕೂರಲಾಗಲಿಲ್ಲ.

"ಮೇಡಂ ಅದಾರಲ್ರಿ ಅಕ್ಕೋರ. ನನ್ನ ಕಡೇನ ಯಾಕ್ರಿ?"

ಅವರು ಚಾಳೀಸು ಸರಿಮಾಡಿಕೊಂಡರು. "ಮೇಡಮ್ಮನ ಬೆರಳು ತಪ್ಪಿಲ್ಲಲ್ರಿ ಸರ," ಎಂದರು. ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತ ನಿಂತರು.

ನಾನು ಕೂತೆ. ಕಣ್ಣು ಮಂಜಾಗಿ ಮೊದಲ ಪುಟ ಎರಡು ಸಲ ಹೊಡೆಯಬೇಕಾಯಿತು. ಮೂರು ಕಡೆಯೂ 'ಈ ಭಾಗ ನನಗೆ ಓದಲಿಕ್ಕೆ ಬರಲಿಲ್ಲ' ಎಂಬುದನ್ನು ಇದ್ದದ್ದು ಇದ್ದ ಹಾಗೆ, ಯಾವ ಚೆಂದವೂ ಇಲ್ಲದ ಇಂಗ್ಲಿಷಿನಲ್ಲಿ ಹೊಡೆದೆ. ಮುಗಿಸಿ ಎದ್ದು, ಓದ್ರಿ ಎಂದೆ. ಅವರು ಈ ಸಲವೂ ತಿರುಗಿ ಓದದೆ ಕಳಿಸಿದರು. ಮನೆಗೆ ಹೋಗಿ ನಾನು ಅತ್ತೆ. ನನ್ನ ಹೆಂಡತಿ ಯಾರು ಸತ್ತರೆಂದು ಕೇಳಿದಳು.

ಪಾಸಾದರು. ಪ್ರಮಾಣಪತ್ರ ಅಂಚೆಯಲ್ಲಿ ಬಂದ ದಿನ ಕ್ಲಾಸಿನ ಹುಡುಗಿಯರಿಗೆ ಪೇಢೆ ಹಂಚಿ, ಮರುದಿನವೇ ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಿಜಾಪುರದ ಬಸ್ಸು ಹತ್ತಿದರು. ಅಧಿಕಾರಿ ಮಾತಿಗೆ ತಪ್ಪಲಿಲ್ಲ, ಫೈಲು ತೆರೆದೇ ಇತ್ತು. ಆ ಪೆನ್‌ಡ್ರೈವ್ ತಂದದ್ದು ಕಾರ್ಯದರ್ಶಿಯ ಅಳಿಯ, ಹಾಡು ಕೇಳಲಿಕ್ಕೆ ಹಾಕಿದ್ದ ಎಂದು ಇಡೀ ಸೊಸೈಟಿಗೆ ಗೊತ್ತಿತ್ತು. ಅಧಿಕಾರಿಗೆ ಕೊಡುವ ವರದಿಯಲ್ಲಿ ಅದನ್ನೂ ಬರೆಯಿರಿ ಎಂದು ಮಹಾನಂದಾಳ ಅಪ್ಪ ಕೈಮುಗಿದ.

"ಅದು ಊರು ಹೇಳೂದು, ಯಪ್ಪಾ. ಕಾಗದ ಹೇಳೂದಿಲ್ಲ," ಎಂದರು ಅಕ್ಕೋರು. ಯಾರು ತಂದರೆಂಬ ಕಡೆ ಓದಲಿಕ್ಕೆ ಬರಲಿಲ್ಲ ಎಂದೇ ಬರೆದರು. ಹುಡುಗಿಯ ಕೈವಾಡವಿಲ್ಲ ಎಂಬುದಕ್ಕೆ ಅಷ್ಟು ಸಾಕಾಯಿತು. ಅವಳು ತಿರುಗಿ ಕೆಲಸಕ್ಕೆ ಹೋದಳು. ಮುಂದೆ ಮದುವೆಯೂ ಆಯಿತು, ಈಗ ಮುದ್ದೇಬಿಹಾಳದಲ್ಲಿ ತನ್ನದೇ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ.

ಅಕ್ಕೋರು ಕೊನೆಯ ವರ್ಷಗಳನ್ನು ಬಸವನ ಬಾಗೇವಾಡಿಯಲ್ಲಿ ತಮ್ಮನ ಮನೆಯಲ್ಲಿ ಕಳೆದರು. ಹದಿಮೂರನೆಯ ದಿನಕ್ಕೆ ಹೋಗಿದ್ದೆ. ಅವರ ತಮ್ಮ ಒಂದು ಟ್ರಂಕು ತೋರಿಸಿದ. ತಂದೆಯ ಮೋಡಿ ಕಾಗದಗಳು, ಅವುಗಳ ನಡುವೆ ಆ ಪ್ರಮಾಣಪತ್ರ. ಮಹಾನಂದಾ ಬಂದಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾವಿಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತು ಅವರ ಮಾತೇ ಆಡಿದೆವು.

"ನಾ ನಮ್ಮ ಹುಡುಗರಿಗೆ ಯಾವಾಗಲೂ ಹೇಳ್ತಿರ್ತೇನ್ರಿ ಸರ," ಎಂದಳು. "ನಮ್ಮ ಅಕ್ಕೋರಂಥಾರೂ ಒಮ್ಮಿ ಕಾಣದ್ದನ್ನ ಊಹಾ ಮಾಡಿ ಬರದು ಫೇಲ್ ಆಗಿದ್ರು, ತಪ್ಪು ನಂದದ ಅಂತ ತಾವ ಒಪ್ಪಿಕೊಂಡ್ರು. ಅದಕ್ಕ ನೀವು ಊಹಾ ಮಾಡಬ್ಯಾಡ್ರಿ ಅಂತ."

ಜನ್ಮದಲ್ಲಿ ಒಂದು ಅಕ್ಷರ ಊಹಿಸಿ ಬರೆಯದ ಹೆಂಗಸು, ಊಹಿಸಿ ಫೇಲಾದವಳೆಂದು ಮುದ್ದೇಬಿಹಾಳದ ಹುಡುಗರ ಬಾಯಲ್ಲಿ ವರ್ಷಗಟ್ಟಲೆ ಇದ್ದಾಳೆ. ಅವರದೇ ತವರೂರಿನಲ್ಲಿ. ನಾನು ಹಚ್ಚಿದ ಬಿಳಿ ಬಣ್ಣ ಅದು.

"ಮಹಾನಂದಾ, ಆ ಸಾಲು ಅಕ್ಕೋರು ಬರದದ್ದಲ್ಲ. ಅವರು ಓದಲಿಕ್ಕೆ ಬರಲಿಲ್ಲ ಅಂತನ ಬರದಿದ್ರು. ನಾನು ಸೇರಿಸಿದ್ನಿ. ಅವರಿಗೆ ಹೇಳದ."

ಅವಳು ನನ್ನ ಮುಖವನ್ನೇ ನೋಡಿದಳು. "ಖರೇ ಏನ್ರಿ?"

"ಖರೇ."

ಒಳಗಿನಿಂದ ಊಟಕ್ಕೆ ಕರೆದರು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ನಮ್ಮ ಹುಡುಗರಿಗೂ ನೀವ ಬರದು ಕೊಡ್ರಿ ಸರ, ನಾ ಹೇಳೂದಿಲ್ಲ," ಎಂದಳು. "ಬರ್ರಿ, ಎಲಿ ಹಾಕ್ಯಾರ," ಎಂದು ಮುಂದೆ ನಡೆದಳು.

ಅದಕ್ಕೇ ಇದನ್ನು ಬರೆದೆ. ಯಾರ ಕೈಲೂ ಕೊಡದೆ ನಾನೇ ಟೈಪ್ ಮಾಡಿದ್ದೇನೆ. ಮಹಾನಂದಾ ನನ್ನನ್ನು ಕ್ಷಮಿಸಿದಳೋ ಇಲ್ಲವೋ, ಅವಳ ಮುಖ ನೋಡಿ ನನಗೆ ಓದಲಿಕ್ಕೆ ಬರಲಿಲ್ಲ.